ಖಾಸಗಿ ಸಂಗ್ರಹದ ನಾಣ್ಯ ಹಾಗೂ ಚಿನ್ನ-ಬೆಳ್ಳಿ ಗಟ್ಟಿಗಳ ದಾಖಲೆ : ಏಕೆ, ಹೇಗೆ?

ಅಂಗಡಿಯ ದಾಸ್ತಾನಿನಲ್ಲಿ ಒಂದು ಚೀಲ ಕಡಿಮೆಯಾದರೆ ಅಂದೇ ಪತ್ತೆ ಹಚ್ಚುವ ವ್ಯಾಪಾರಸ್ಥರು, ಮನೆಯ ತಿಜೋರಿಯಲ್ಲಿ ಚಿನ್ನದ ನಾಣ್ಯಗಳೆಷ್ಟಿವೆ, ಅವು ಯಾರಿಗೆ ಸೇರಿದವು, ಯಾವ ವರ್ಷ ಯಾವ ಹಣದಿಂದ ಬಂದವು ಎಂದು ಕೇಳಿದರೆ ಉತ್ತರಕ್ಕಾಗಿ ತಡಕಾಡುವುದುಂಟು. ಅಕ್ಷಯ ತೃತೀಯದಂದು ಕೊಂಡ ನಾಣ್ಯ, ದೀಪಾವಳಿಯ ಲಕ್ಷ್ಮೀಪೂಜೆಗೆಂದು ವರ್ಷಕ್ಕೊಂದರಂತೆ ಕೂಡಿಸಿದ ಬೆಳ್ಳಿಯ ಬಿಲ್ಲೆ, ಮಾರಾಟದ ಗುರಿ ಮುಟ್ಟಿದ್ದಕ್ಕೆ ಕಂಪನಿಯವರು ಕೊಟ್ಟ ಚಿನ್ನದ ನಾಣ್ಯ, ಅಜ್ಜನ ಕಾಲದ ವಿಕ್ಟೋರಿಯಾ ರೂಪಾಯಿಗಳು, ಕೈಯಲ್ಲಿ ಹಣವಿದ್ದಾಗ ಚಿನಿವಾರ ಪೇಟೆಯಿಂದ ತಂದ ಒಂದೆರಡು ಗಟ್ಟಿ - ಇವೆಲ್ಲ ಒಂದೇ ಪೆಟ್ಟಿಗೆಯಲ್ಲಿ ಸೇರಿಹೋಗಿರುತ್ತವೆ. ಕೊಂಡಾಗ ಕೆಲವು ಸಾವಿರ ರೂಪಾಯಿ ಬೆಲೆಯದ್ದಾಗಿದ್ದ ಈ ವಸ್ತುಗಳು ಇಂದು ಒಟ್ಟಾಗಿ ಹಲವು ಲಕ್ಷ ಬಾಳುವುದರಿಂದ, ಅವುಗಳ ಲೆಕ್ಕವನ್ನು ನೆನಪಿಗೆ ಬಿಡುವುದು ಉಚಿತವಲ್ಲ.

ಚಿನ್ನದ ಬೆಲೆ ಕಾಲಕ್ರಮದಲ್ಲಿ ಏರಬಹುದು. ಆದರೆ ಅದು ನಮ್ಮದೆಂಬುದಕ್ಕೆ ಇರುವ ಪುರಾವೆ ಕಾಲಕ್ರಮದಲ್ಲಿ ಸವೆಯುತ್ತದೆ. ಬಿಲ್ಲಿನ ಶಾಯಿ ಮಾಸುತ್ತದೆ, ಮಾರಿದ ಅಂಗಡಿ ಮುಚ್ಚುತ್ತದೆ, ಕೊಟ್ಟ ಹಿರಿಯರು ಕಾಲವಾಗುತ್ತಾರೆ. ವಸ್ತು ಕೈಸೇರಿದ ದಿನ ಬರೆದಿಡುವ ಒಂದು ಸಾಲು ಮುಂದೆ ಎಷ್ಟು ಖರ್ಚು ಮಾಡಿದರೂ ಸಿಗಲಾರದು. ಈ ಹಿನ್ನೆಲೆಯಲ್ಲಿ ದಾಖಲೆಯ ಅಗತ್ಯ ಮತ್ತು ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಹಳೆಯ ಭಯ, ಇಂದಿನ ಸ್ಥಿತಿ

ಚಿನ್ನದ ವಿಷಯವನ್ನು ಬರವಣಿಗೆಗೆ ಇಳಿಸಬಾರದೆಂಬ ಭಾವನೆ ಹಿರಿಯರಲ್ಲಿ ಬೇರೂರಲು ಕಾರಣವಿತ್ತು. ಮೊರಾರ್ಜಿ ದೇಸಾಯಿಯವರು ಅರ್ಥ ಸಚಿವರಾಗಿದ್ದಾಗ 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣ ನಿಯಮಗಳು ಬಂದವು. 1968ರಲ್ಲಿ ಅದೇ ಒಂದು ಕಾಯ್ದೆಯಾಯಿತು. ಖಾಸಗಿ ವ್ಯಕ್ತಿಗಳು ಚಿನ್ನದ ಗಟ್ಟಿಯನ್ನು ಇಟ್ಟುಕೊಳ್ಳುವಂತಿರಲಿಲ್ಲ. ನಿಗದಿತ ಪ್ರಮಾಣ ಮೀರಿದ ಒಡವೆಗಳನ್ನು ಘೋಷಿಸಬೇಕಾಗಿತ್ತು. ಈ ಕಾಯ್ದೆ 1990ರಲ್ಲಿ ರದ್ದಾಯಿತು. 1957ರ ಸಂಪತ್ತು ತೆರಿಗೆಯೂ 2015ರ ಹಣಕಾಸು ಕಾಯ್ದೆಯ ಮೂಲಕ ಕೊನೆಗೊಂಡು, 2016-17ರ ಕರನಿರ್ಧಾರಣಾ ವರ್ಷದಿಂದ ಅನ್ವಯಿಸುತ್ತಿಲ್ಲ.

ಆದ್ದರಿಂದ ಇಂದು ಚಿನ್ನ ಇಟ್ಟುಕೊಳ್ಳುವುದು ಅಪರಾಧವಲ್ಲ, ಅದರ ಪ್ರಮಾಣಕ್ಕೆ ಮಿತಿಯೂ ಇಲ್ಲ. ವಿವರಿಸಬಲ್ಲ ಮೂಲದಿಂದ ಬಂದ ಚಿನ್ನಕ್ಕೆ ಯಾವ ಮಿತಿಯೂ ಇಲ್ಲವೆಂದು ಕೇಂದ್ರ ನೇರ ತೆರಿಗೆಗಳ ಮಂಡಳಿಯು 2016ರ ಡಿಸೆಂಬರ್ 1ರ ಪ್ರಕಟಣೆಯಲ್ಲಿ ಸ್ಪಷ್ಟಪಡಿಸಿದೆ. ಇಲ್ಲಿ ಒತ್ತು ಬೀಳಬೇಕಾದದ್ದು 'ವಿವರಿಸಬಲ್ಲ ಮೂಲ' ಎಂಬ ಮಾತಿನ ಮೇಲೆ. ಹಿಂದೆ ಬರೆದಿಟ್ಟರೆ ತೊಂದರೆ ಎಂಬ ಭಯವಿತ್ತು. ಈಗ ಬರೆದಿಡದಿದ್ದರೆ ತೊಂದರೆ.

ಒಡವೆಗಿರುವ ರಿಯಾಯಿತಿ ನಾಣ್ಯಕ್ಕಿಲ್ಲ

ವಿವಾಹಿತ ಮಹಿಳೆಗೆ 500 ಗ್ರಾಂ, ಅವಿವಾಹಿತ ಮಹಿಳೆಗೆ 250 ಗ್ರಾಂ, ಕುಟುಂಬದ ಪುರುಷ ಸದಸ್ಯನಿಗೆ 100 ಗ್ರಾಂವರೆಗೆ ಯಾರೂ ಕೇಳುವುದಿಲ್ಲ ಎಂಬ ಮಾತು ವರ್ತಕ ವಲಯದಲ್ಲಿ ಪ್ರಚಲಿತವಾಗಿದೆ. ಇದರ ಮೂಲ ಮಂಡಳಿಯ 1994ರ ಮೇ 11ರ 1916ನೇ ಸಂಖ್ಯೆಯ ಸೂಚನೆ. ಅದನ್ನು ಓದಿ ನೋಡಿದರೆ ಎರಡು ಸಂಗತಿಗಳು ಎದ್ದು ಕಾಣುತ್ತವೆ. ಮೊದಲನೆಯದಾಗಿ, ಅದು ಶೋಧನೆಯ ಕಾಲದಲ್ಲಿ ಜಪ್ತಿ ಮಾಡುವ ವಿಷಯಕ್ಕೆ ಸಂಬಂಧಿಸಿದ್ದು. ಎರಡನೆಯದಾಗಿ, ಅದು ಚಿನ್ನದ ಆಭರಣ ಮತ್ತು ಒಡವೆಗಳನ್ನು ಕುರಿತದ್ದು. ನಾಣ್ಯ, ಬಿಸ್ಕತ್ತು, ಗಟ್ಟಿಗಳನ್ನು ಕುರಿತದ್ದಲ್ಲ. ಮನೆಯಲ್ಲಿ 300 ಗ್ರಾಂ ಒಡವೆ ಇರುವುದೂ 300 ಗ್ರಾಂ ಗಟ್ಟಿ ಇರುವುದೂ ಒಂದೇ ಎಂದು ಭಾವಿಸತಕ್ಕದ್ದಲ್ಲ.

ಪೂಜೆಗೆ ಇಡುವ ನಾಣ್ಯಗಳು ಸ್ವಂತ ಬಳಕೆಯ ವಸ್ತುಗಳಲ್ಲವೇ, ಅವುಗಳ ಮಾರಾಟಕ್ಕೆ ತೆರಿಗೆ ಏಕೆ ಎಂಬ ಪ್ರಶ್ನೆಯೂ ಆಗಾಗ ಬರುತ್ತದೆ. ಇದೇ ಪ್ರಶ್ನೆ ಮಹಾರಾಜಾ ರಾಣಾ ಹೇಮಂತ್ ಸಿಂಗ್‌ಜೀ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು. ಮಹಾಲಕ್ಷ್ಮೀ ಪೂಜೆಗೆ ಬಳಸುತ್ತಿದ್ದ ಕಾರಣ ನಾಣ್ಯ ಹಾಗೂ ಬೆಳ್ಳಿಗಟ್ಟಿಗಳು ಸ್ವಂತ ಬಳಕೆಯ ವಸ್ತುಗಳೆಂಬ ವಾದವನ್ನು ನ್ಯಾಯಾಲಯವು 1976ರಲ್ಲಿ ಒಪ್ಪಲಿಲ್ಲ. ನಿತ್ಯಜೀವನದಲ್ಲಿ ನಿಕಟವಾಗಿ, ಸಾಮಾನ್ಯವಾಗಿ ಬಳಕೆಯಾಗುವ ವಸ್ತುಗಳಿಗೆ ಮಾತ್ರ ಆ ವಿನಾಯಿತಿ ಎಂಬುದು ತೀರ್ಪಿನ ಸಾರ. ಹೀಗಾಗಿ ನಾಣ್ಯ ಮತ್ತು ಗಟ್ಟಿ ಬಂಡವಾಳ ಆಸ್ತಿಗಳೇ. ಮಾರಿದಾಗ ಬರುವ ಲಾಭ ಬಂಡವಾಳ ಲಾಭ.

ದಾಖಲೆ ಇದ್ದರೆ ಮತ್ತು ಇಲ್ಲದಿದ್ದರೆ

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ವರ್ತಕರೊಬ್ಬರು ಹಲವು ವರ್ಷಗಳ ಹಿಂದೆ 3,00,000 ರೂಪಾಯಿಗೆ ಕೊಂಡ ಗಟ್ಟಿಯನ್ನು ಯಂತ್ರ ಖರೀದಿಗಾಗಿ 12,00,000 ರೂಪಾಯಿಗೆ ಮಾರುತ್ತಾರೆ. ಹಣ ಬ್ಯಾಂಕಿಗೆ ಜಮಾ ಆಗುತ್ತದೆ. 2024ರ ಜುಲೈ 23ರಿಂದ ಮಾಡಿದ ಮಾರಾಟಗಳಿಗೆ, ಆಸ್ತಿಯನ್ನು 24 ತಿಂಗಳಿಗಿಂತ ಹೆಚ್ಚು ಕಾಲ ಹೊಂದಿದ್ದರೆ, ಸೂಚ್ಯಂಕದ ಲಾಭವಿಲ್ಲದೆ ಶೇಕಡಾ 12.5ರ ದರ ಅನ್ವಯಿಸುತ್ತದೆ. ಲಾಭ 9,00,000, ತೆರಿಗೆ 1,12,500 ರೂಪಾಯಿ ಮತ್ತು ಅದರ ಮೇಲಿನ ಸೆಸ್. ಉಳಿದ ಹಣ ನಿರಾತಂಕವಾಗಿ ಯಂತ್ರಕ್ಕೆ ಸಲ್ಲುತ್ತದೆ.

ಅದೇ ಗಟ್ಟಿಗೆ ಬಿಲ್ಲೂ ಇಲ್ಲ, ವಹಿಯಲ್ಲಿ ನಮೂದೂ ಇಲ್ಲ ಎಂದಿಟ್ಟುಕೊಳ್ಳಿ. ಆಗ ಪ್ರಶ್ನೆ 3,00,000 ರೂಪಾಯಿ ಅಸಲಿಗೆ ನಿಲ್ಲುವುದಿಲ್ಲ. ಗಟ್ಟಿ ನಿಜವಾಗಿ ಇತ್ತೇ, ಇದ್ದರೆ ಯಾವ ಹಣದಿಂದ ಬಂತು ಎಂಬಲ್ಲಿಗೆ ಹೋಗುತ್ತದೆ. ಸಮಾಧಾನಕರ ಉತ್ತರ ದೊರೆಯದಿದ್ದರೆ ಇಡೀ 12,00,000 ರೂಪಾಯಿ ಮೂಲ ವಿವರಿಸದ ಆದಾಯವೆಂದು ಪರಿಗಣಿತವಾಗಬಹುದು. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ವಿವರಿಸದ ಹಣ, ಗಟ್ಟಿ, ಒಡವೆಗಳಿಗೆ 69ಎ ಪ್ರಕರಣವಿತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬರುವಂತೆ ರಚಿತವಾದ 2025ರ ಕಾಯ್ದೆಯಲ್ಲಿಯೂ ಈ ತತ್ತ್ವ ಮುಂದುವರಿದಿದೆ. ಅಂತಹ ಆದಾಯಕ್ಕೆ ಮೂಲ ವಿನಾಯಿತಿಯಿಲ್ಲ, ಹಂತವಾರು ದರವಿಲ್ಲ, ಖರ್ಚು-ನಷ್ಟಗಳ ಕಳೆತವಿಲ್ಲ, ವಿಶೇಷ ದರವೊಂದೇ. 2016ರಲ್ಲಿ ಆ ದರವನ್ನು ಶೇಕಡಾ 60ಕ್ಕೆ ಏರಿಸಲಾಗಿತ್ತೆಂಬುದನ್ನು ನೆನೆದರೆ ವಿಷಯದ ಗಾಂಭೀರ್ಯ ತಿಳಿಯುತ್ತದೆ. ಚಿನ್ನ ಅದೇ, ಮಾಲೀಕರು ಅವರೇ. ವ್ಯತ್ಯಾಸ ಒಂದು ಕಾಗದದ್ದು.

ವಹಿಯ ಅಂಕಣಗಳು

ಇದಕ್ಕೆ ಗಣಕಯಂತ್ರವೇ ಬೇಕೆಂದಿಲ್ಲ. ಪುಟಸಂಖ್ಯೆಯಿರುವ, ಹೊಲಿದ ಒಂದು ಗಟ್ಟಿರಟ್ಟಿನ ಪುಸ್ತಕ ಸಾಕು. ಕಿರ್ದಿ-ಖತಾವಣಿ ಬರೆದು ಅಭ್ಯಾಸವಿರುವ ನಮಗೆ ಇದು ಹೊಸದೇನಲ್ಲ. ಪ್ರತಿ ನಮೂದು ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಬೇಕು : ಏನು, ಯಾರದು, ಎಲ್ಲಿಂದ ಬಂತು, ಎಲ್ಲಿದೆ. ಮಾದರಿಗಾಗಿ ಒಂದು ಕಾಲ್ಪನಿಕ ನಮೂದು :

ಕ್ರಮಾಂಕ : ಚಿ-7
ವಿವರ : ಚಿನ್ನದ ನಾಣ್ಯ 1, ಮೊಹರು ಮಾಡಿದ ಕವಚದಲ್ಲಿದೆ, ಕವಚದ ಸಂಖ್ಯೆ ಇಂತಿಷ್ಟು
ತೂಕ ಮತ್ತು ಶುದ್ಧತೆ : 10 ಗ್ರಾಂ, 999
ಪಡೆದ ದಿನಾಂಕ : 10-11-2023
ಪಡೆದ ರೀತಿ : ಖರೀದಿ, ಅಂಗಡಿಯ ಹೆಸರು, ಬಿಲ್ಲಿನ ಸಂಖ್ಯೆ
ಮೊತ್ತ : ಬೆಲೆ 61,000 + ಜಿ.ಎಸ್.ಟಿ. ಶೇಕಡಾ 3ರಂತೆ 1,830 = 62,830 ರೂಪಾಯಿ
ಹಣದ ಮೂಲ : ಪತ್ನಿಯ ಉಳಿತಾಯ ಖಾತೆ, ಚೆಕ್ಕಿನ ಸಂಖ್ಯೆ
ಮಾಲೀಕರು : ಪತ್ನಿ
ಇರುವ ಸ್ಥಳ : ಬ್ಯಾಂಕ್ ಲಾಕರ್
ವಿಲೇವಾರಿ : (ಮಾರಿದ, ದಾನ ಮಾಡಿದ ಅಥವಾ ಕರಗಿಸಿದ ದಿನ ತುಂಬತಕ್ಕದ್ದು)

ವಿವರದ ಅಂಕಣವನ್ನು ಹಗುರವಾಗಿ ಪರಿಗಣಿಸಬಾರದು. 'ಬೆಳ್ಳಿ ರೂಪಾಯಿ 20' ಎಂದು ಬರೆದರೆ ಅದು ದಾಖಲೆಯಾಗದು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. ವಿಕ್ಟೋರಿಯಾ, ಎಡ್ವರ್ಡ್, ಐದನೆಯ ಜಾರ್ಜ್ ಕಾಲದ ರೂಪಾಯಿಗಳಲ್ಲಿ ಶೇಕಡಾ 91.7ರಷ್ಟು ಬೆಳ್ಳಿ; 1940ರಿಂದ 1945ರವರೆಗಿನ ಆರನೆಯ ಜಾರ್ಜ್ ರೂಪಾಯಿಗಳಲ್ಲಿ ಅರ್ಧ ಮಾತ್ರ ಬೆಳ್ಳಿ; 1947ರ ರೂಪಾಯಿ ನಿಕ್ಕಲಿನದು, ಅದರಲ್ಲಿ ಬೆಳ್ಳಿಯೇ ಇಲ್ಲ. ಹತ್ತು ವಿಕ್ಟೋರಿಯಾ ರೂಪಾಯಿಗಳಲ್ಲಿ ಸುಮಾರು 107 ಗ್ರಾಂ ಶುದ್ಧ ಬೆಳ್ಳಿಯಿದ್ದರೆ, 1944ರ ಹತ್ತು ರೂಪಾಯಿಗಳಲ್ಲಿ ಸುಮಾರು 58 ಗ್ರಾಂ. ನೋಡಲು ಎರಡೂ ಒಂದೇ ಗಾತ್ರ. ಗಾಂಧಿ ಶತಾಬ್ದಿಯ 1969ರ ಹತ್ತು ರೂಪಾಯಿ ನಾಣ್ಯ 15 ಗ್ರಾಂ ತೂಕದ್ದು, ಶೇಕಡಾ 80 ಬೆಳ್ಳಿಯದು.

ಚಿನ್ನದಲ್ಲಿಯೂ ಹೀಗೆಯೇ. ಪೇಟೆಯಲ್ಲಿ ಸವರನ್ ಎಂದರೆ 8 ಗ್ರಾಂ ಎಂಬ ಲೆಕ್ಕ ರೂಢಿಯಲ್ಲಿದೆ. ಆದರೆ ಬ್ರಿಟಿಷ್ ಸವರನ್ ನಾಣ್ಯದ ನಿಜವಾದ ತೂಕ 7.988 ಗ್ರಾಂ, 22 ಕ್ಯಾರೆಟ್. ಶುದ್ಧ ಚಿನ್ನ 7.32 ಗ್ರಾಂ. ಹತ್ತು ತೊಲದ ಬಿಸ್ಕತ್ತು 116.64 ಗ್ರಾಂ, ವಿದೇಶದಿಂದ ಬಂದ ಒಂದು ಔನ್ಸಿನ ನಾಣ್ಯದ ಶುದ್ಧ ಚಿನ್ನ 31.10 ಗ್ರಾಂ. ಆದ್ದರಿಂದ ಎಲ್ಲವನ್ನೂ ಗ್ರಾಂಗೆ ಪರಿವರ್ತಿಸಿ, ಒಟ್ಟು ತೂಕ ಮತ್ತು ಶುದ್ಧ ಲೋಹದ ತೂಕ ಎರಡನ್ನೂ ಬರೆಯತಕ್ಕದ್ದು. ಗಟ್ಟಿಯ ಮೇಲೆ ಕೆತ್ತಿದ ಸಂಖ್ಯೆ, ತಯಾರಕರ ಮುದ್ರೆಗಳನ್ನು ಇದ್ದದ್ದು ಇದ್ದಂತೆ ನಕಲು ಮಾಡಬೇಕು. ಎರಡೂ ಬದಿಯ ಛಾಯಾಚಿತ್ರ ತೆಗೆದು ಹಿಂಬದಿಯಲ್ಲಿ ಕ್ರಮಾಂಕ ಬರೆದಿಡುವುದು ಉತ್ತಮ.

ಮೂಲಕ್ಕೆ ತಕ್ಕ ಪುರಾವೆ

1. ಖರೀದಿ : ಬಿಲ್ಲು, ಹಣ ಪಾವತಿಯ ಬ್ಯಾಂಕ್ ದಾಖಲೆ ಎರಡೂ ಇರಬೇಕು. ಶಾಖದಿಂದ ಮುದ್ರಿತವಾದ ಬಿಲ್ಲಿನ ಅಕ್ಷರ ಕೆಲವೇ ವರ್ಷಗಳಲ್ಲಿ ಅಳಿಸಿಹೋಗುವುದರಿಂದ ಅಂದೇ ನೆರಳಚ್ಚು ಪ್ರತಿ ತೆಗೆದಿಡತಕ್ಕದ್ದು. 2017ರ ಏಪ್ರಿಲ್ 1ರಿಂದ ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಮಿಗಿಲಾಗಿ ನಗದು ಸ್ವೀಕರಿಸುವುದು ನಿಷಿದ್ಧವೆಂಬುದನ್ನು, ಚಿನ್ನ ಮಾರುವಾಗ ಹಣ ಪಡೆಯುವವರು ನಾವೇ ಆದ ಕಾರಣ, ನೆನಪಿಡಬೇಕು.

2. ವಾರಸಿನಿಂದ ಅಥವಾ ಬಂಧುಗಳ ಕೊಡುಗೆಯಿಂದ ಬಂದದ್ದು : ಕೊಟ್ಟವರ ಖರೀದಿ ಬೆಲೆಯೇ ನಮ್ಮ ಖರೀದಿ ಬೆಲೆ, ಅವರು ಹೊಂದಿದ್ದ ಅವಧಿಯೂ ನಮ್ಮ ಅವಧಿಗೆ ಸೇರುತ್ತದೆ. ಹಾಗಾಗಿ ಉಯಿಲು, ಪಾಲುಪಟ್ಟಿ, ದಾನಪತ್ರಗಳ ಜೊತೆಗೆ ಹಿರಿಯರ ಹಳೆಯ ಬಿಲ್ಲುಗಳನ್ನೂ ಕಾಪಾಡಬೇಕು. 2001ರ ಏಪ್ರಿಲ್ 1ಕ್ಕೆ ಮುಂಚಿನ ಆಸ್ತಿಯಾದರೆ ಅಂದಿನ ಮಾರುಕಟ್ಟೆ ಬೆಲೆಯನ್ನು ಖರೀದಿ ಬೆಲೆಯಾಗಿ ಆರಿಸಿಕೊಳ್ಳಲು ಅವಕಾಶವಿದೆ. ಇದಕ್ಕೆ ನೋಂದಾಯಿತ ಮೌಲ್ಯಮಾಪಕರ ವರದಿ ಪಡೆಯುವುದು ಯುಕ್ತ.

3. ಇತರರ ಕೊಡುಗೆ : ಕಾಯ್ದೆಯಲ್ಲಿ ಹೇಳಿದ ಬಂಧುಗಳಲ್ಲದವರಿಂದ ಒಂದು ವರ್ಷದಲ್ಲಿ ಬಂದ ಗಟ್ಟಿ, ಒಡವೆಗಳ ಮೌಲ್ಯ 50,000 ರೂಪಾಯಿ ಮೀರಿದರೆ ಅದು ಆದಾಯವಾಗುತ್ತದೆ. ಸ್ವಂತ ಮದುವೆಯ ಸಂದರ್ಭದ ಉಡುಗೊರೆಗೆ ವಿನಾಯಿತಿಯಿದೆ. ಆದ್ದರಿಂದ ಮದುವೆಯ ಮುಯ್ಯಿಯ ಪಟ್ಟಿಯನ್ನು ಎಸೆಯದೆ ಲಗ್ನಪತ್ರಿಕೆಯೊಂದಿಗೆ ಕಡತದಲ್ಲಿಡಬೇಕು.

4. ಕಂಪನಿಯ ಬಹುಮಾನ : ವ್ಯಾಪಾರದ ಸಂಬಂಧ ಬಂದ ಚಿನ್ನದ ನಾಣ್ಯ ಉಡುಗೊರೆಯಲ್ಲ, ವ್ಯಾಪಾರದ ಆದಾಯ. 2022ರ ಜುಲೈ 1ರಿಂದ, ವರ್ಷಕ್ಕೆ 20,000 ರೂಪಾಯಿ ಮೀರಿದ ಇಂತಹ ಸೌಲಭ್ಯಗಳಿಗೆ ಶೇಕಡಾ 10ರಂತೆ ಮೂಲದಲ್ಲಿ ತೆರಿಗೆ ಮುರಿಯುವ ನಿಯಮ ಬಂದಿದೆ. ಈ ಮೌಲ್ಯವನ್ನು ಆದಾಯವಾಗಿ ತೋರಿಸಿದರೆ ಅದೇ ಮುಂದೆ ನಾಣ್ಯದ ಖರೀದಿ ಬೆಲೆಯಾಗಿ ನಮಗೆ ಅನುಕೂಲವಾಗುತ್ತದೆ.

5. ಸಂಸ್ಥೆಯ ಖರ್ಚಿನಲ್ಲಿ ಕೊಂಡದ್ದು : ದೀಪಾವಳಿಗೆ ಗಿರಾಕಿಗಳಿಗೆ, ನೌಕರರಿಗೆ ಹಂಚಲು ಸಂಸ್ಥೆಯ ಹೆಸರಿನಲ್ಲಿ ತಂದ ಬೆಳ್ಳಿ ನಾಣ್ಯಗಳಲ್ಲಿ ಉಳಿದವು ಮನೆಯ ಪೆಟ್ಟಿಗೆ ಸೇರುವುದುಂಟು. ಇದು ಸಲ್ಲದು. ಅವು ಸಂಸ್ಥೆಯ ಆಸ್ತಿ. ಮನೆಗೆ ಒಯ್ದರೆ ಮಾಲೀಕರ ಸ್ವಂತ ಖಾತೆಗೆ ಖರ್ಚು ಹಾಕಬೇಕು. ಉಡುಗೊರೆಯಾಗಿ ಕೊಡುವ ಸರಕಿನ ಮೇಲಿನ ಜಿ.ಎಸ್.ಟಿ. ಹೂಡುವಳಿ ಜಮೆಯನ್ನು ಪಡೆಯುವಂತಿಲ್ಲ ಎಂಬುದೂ ಗಮನದಲ್ಲಿರಲಿ.

ಮಾಲೀಕತ್ವದ ಅಂಕಣದಲ್ಲಿ ಪತಿ, ಪತ್ನಿ, ಮಕ್ಕಳು, ಅವಿಭಕ್ತ ಕುಟುಂಬ ಎಂದು ಬೇರೆ ಬೇರೆಯಾಗಿ ತೋರಿಸಬೇಕು. ತವರಿನಿಂದ ಬಂದ ಸ್ತ್ರೀಧನ ಪತ್ನಿಯ ಸ್ವಂತ ಸ್ವತ್ತು. ಅದನ್ನು ಯಜಮಾನರ ಲೆಕ್ಕದಲ್ಲಿ ಬೆರೆಸಿದರೆ ತೆರಿಗೆಯಲ್ಲಿ ಮಾತ್ರವಲ್ಲ, ಸಂಸಾರದಲ್ಲಿಯೂ ಗೊಂದಲವಾಗುತ್ತದೆ.

ಹಳೆಯ ಸಂಗ್ರಹಕ್ಕೆ ಕಾಗದವೇ ಇಲ್ಲದಿದ್ದರೆ?

ಮೊದಲು ಹುಡುಕಬೇಕು. ಹಿರಿಯರ ಸಂಪತ್ತು ತೆರಿಗೆಯ ಪತ್ರಗಳು, ಅವುಗಳೊಂದಿಗಿನ ಮೌಲ್ಯಮಾಪನ ವರದಿ, 1997ರ ಸ್ವಯಂಘೋಷಣಾ ಯೋಜನೆಯ ಪ್ರಮಾಣಪತ್ರ, ಹಳೆಯ ಪಾಲುಪಟ್ಟಿ, ಚಿನ್ನ ಅಡವಿಟ್ಟು ಬಿಡಿಸಿಕೊಂಡ ಬ್ಯಾಂಕಿನ ಚೀಟಿ - ಇವೆಲ್ಲ ಬಲವಾದ ಪುರಾವೆಗಳು. ಏನೂ ಸಿಗದಿದ್ದರೆ ಇಂದಿನ ದಿನಾಂಕದಲ್ಲಿಯೇ ತೂಕ ಮಾಡಿಸಿ, ಛಾಯಾಚಿತ್ರದೊಂದಿಗೆ ಮೌಲ್ಯಮಾಪಕರ ಪಟ್ಟಿ ಪಡೆದು, ಯಾರಿಂದ ಹೇಗೆ ಬಂತೆಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಅವರ ಹೇಳಿಕೆಯನ್ನು ಬರೆಸಿ ಸಹಿ ಪಡೆಯಬೇಕು. ಮೌಲ್ಯಮಾಪಕರ ಪಟ್ಟಿ ವಸ್ತುವಿನ ಇರುವಿಕೆಗೆ, ತೂಕಕ್ಕೆ, ಬೆಲೆಗೆ ಸಾಕ್ಷಿಯೇ ಹೊರತು ಅದರ ಮೂಲಕ್ಕೆ ಸಾಕ್ಷಿಯಲ್ಲ ಎಂಬ ಅರಿವಿರಲಿ. ಯಾವ ಕಾರಣಕ್ಕೂ ಹಿಂದಿನ ದಿನಾಂಕ ಹಾಕಿ ಬಿಲ್ಲು ಮಾಡಿಸುವ ಸಲಹೆಗೆ ಕಿವಿಗೊಡಬಾರದು. ದುರ್ಬಲವಾದ ನಿಜವನ್ನು ಸಮರ್ಥಿಸಬಹುದು. ಬಲವಾಗಿ ಕಾಣುವ ಸುಳ್ಳು ಸಿಕ್ಕಿಬಿದ್ದರೆ ಉಳಿದ ಸತ್ಯವನ್ನೂ ಕೆಡಿಸುತ್ತದೆ.

ಕರಗಿಸುವಾಗ, ಬದಲಿಸುವಾಗ

ಮಗಳ ಮದುವೆಗೆ ನಾಣ್ಯಗಳನ್ನು ಕೊಟ್ಟು ಒಡವೆ ತರುವುದು ಸಾಮಾನ್ಯ. ಇದರಲ್ಲಿ ಎರಡು ಬಗೆ. ನಮ್ಮದೇ ಚಿನ್ನವನ್ನು ಅಕ್ಕಸಾಲಿಗರಿಗೆ ಕೊಟ್ಟು, ಕೂಲಿ ತೆತ್ತು ಒಡವೆ ಮಾಡಿಸಿದರೆ ಅದು ಮಾರಾಟವಲ್ಲ. ಅಂಗಡಿಗೆ ನಾಣ್ಯ ಕೊಟ್ಟು ಅದರ ಬೆಲೆಯನ್ನು ಹೊಸ ಒಡವೆಯ ಬಿಲ್ಲಿನಲ್ಲಿ ಮುರಿದುಕೊಂಡರೆ ಅದು ವಿನಿಮಯ. ಕಾಯ್ದೆಯ ದೃಷ್ಟಿಯಲ್ಲಿ ವರ್ಗಾವಣೆಯೇ, ಹಣ ಕೈಗೆ ಬಾರದಿದ್ದರೂ ಬಂಡವಾಳ ಲಾಭದ ಲೆಕ್ಕ ಹಾಕಬೇಕು. ಮೊದಲ ಬಗೆಯಲ್ಲಿ ಕೊಟ್ಟ ತೂಕ, ಸವಕಳಿ, ಮರಳಿ ಬಂದ ತೂಕ, ಕೂಲಿ - ಇಷ್ಟನ್ನೂ ಕಾಣಿಸುವ ಚೀಟಿ ಪಡೆದು, ವಹಿಯಲ್ಲಿ ಹಳೆಯ ಕ್ರಮಾಂಕದಿಂದ ಹೊಸ ಕ್ರಮಾಂಕಕ್ಕೆ ಕೊಂಡಿ ತೋರಿಸಬೇಕು. ಹೊಸ ಒಡವೆಯ ಮೇಲೆ ಭಾರತೀಯ ಮಾನಕ ಬ್ಯೂರೋದ ಆರು ಅಕ್ಷರಾಂಕಗಳ ಹಾಲ್‌ಮಾರ್ಕ್ ಗುರುತು ಸಂಖ್ಯೆ ಇದ್ದರೆ ಅದನ್ನೂ ಬರೆಯಬೇಕು.

ಒಂದೇ ಬಗೆಯ ನಾಣ್ಯಗಳನ್ನು ಬೇರೆ ಬೇರೆ ವರ್ಷ ಕೊಂಡಿದ್ದರೆ, ಪ್ರತಿ ಖರೀದಿಯನ್ನೂ ಬೇರೆ ಲಕೋಟೆಯಲ್ಲಿಟ್ಟು ಕ್ರಮಾಂಕ ಬರೆಯಿರಿ. ಮಾರಿದ್ದು ಕಳೆದ ವರ್ಷದ್ದೋ ಹತ್ತು ವರ್ಷ ಹಿಂದಿನದ್ದೋ ಎಂಬುದರ ಮೇಲೆ ಲಾಭದ ಮೊತ್ತವೂ ತೆರಿಗೆಯ ದರವೂ ನಿಂತಿವೆ. 24 ತಿಂಗಳೊಳಗಿನ ಮಾರಾಟದ ಲಾಭ ಅಲ್ಪಾವಧಿಯದಾಗಿ ಸಾಮಾನ್ಯ ದರಕ್ಕೆ ಒಳಪಡುತ್ತದೆ.

ನೂರು ವರ್ಷ ಮೀರಿದ ನಾಣ್ಯಗಳು

ವಿಜಯನಗರದ ವರಾಹ, ಮೈಸೂರಿನ ಕಂಠೀರವ ಹಣ, ಹಳೆಯ ಮೊಹರುಗಳು ಕೆಲವು ಮನೆಗಳಲ್ಲಿ ಇಂದಿಗೂ ಇವೆ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ ಪುರಾತನ ವಸ್ತು. ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಕಳುಹಿಸುವಂತಿಲ್ಲ. ಅಂತಹ ವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಆದ್ದರಿಂದ ನಾಣ್ಯದ ಮೇಲಿನ ಇಸವಿಯನ್ನು ವಹಿಯಲ್ಲಿ ಕಡ್ಡಾಯವಾಗಿ ಬರೆಯಬೇಕು. ವಿದೇಶದಲ್ಲಿರುವ ಮಗನಿಗೆ ಅಜ್ಜನ ನೆನಪಿಗೆಂದು ಎಡ್ವರ್ಡ್ ರೂಪಾಯಿ ಕೊಟ್ಟು ಕಳುಹಿಸುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಇಂತಹ ನಾಣ್ಯಗಳ ಬೆಲೆ ಲೋಹದ ಬೆಲೆಗಿಂತ ಬಹಳ ಹೆಚ್ಚಿರಬಹುದು. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಹೊಳಪು ಬರುತ್ತದೆ, ಸಂಗ್ರಾಹಕರ ದೃಷ್ಟಿಯಲ್ಲಿ ಬೆಲೆ ಇಳಿಯುತ್ತದೆ.

ಲಾಕರ್, ನಾಮನಿರ್ದೇಶನ, ವಾರಸು

ಲಾಕರಿನಲ್ಲಿ ಏನಿದೆ ಎಂಬುದು ಬ್ಯಾಂಕಿಗೆ ತಿಳಿದಿರುವುದಿಲ್ಲ. ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿರ್ದೇಶನಗಳಂತೆ, ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದಾದ ನಷ್ಟಕ್ಕೆ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ 100 ಪಟ್ಟು. ಬಾಡಿಗೆ 3,000 ರೂಪಾಯಿಯಾದರೆ ಹೊಣೆ 3,00,000 ರೂಪಾಯಿ. ಒಳಗೆ 20 ಲಕ್ಷದ ಚಿನ್ನವಿದ್ದರೂ ಅಷ್ಟೇ. ಉಳಿದುದಕ್ಕೆ ಬೇರೆ ವಿಮೆ ಮಾಡಿಸಬೇಕು. ವಿಮೆಗೆ ಬೇಕಾದದ್ದೂ ಇದೇ ಪಟ್ಟಿ, ಇದೇ ಬಿಲ್ಲುಗಳು.

2025ರ ನವೆಂಬರ್ 1ರಿಂದ ಲಾಕರಿಗೆ ನಾಲ್ವರವರೆಗೆ, ಒಬ್ಬರ ನಂತರ ಒಬ್ಬರಂತೆ, ನಾಮನಿರ್ದೇಶನ ಮಾಡಬಹುದಾಗಿದೆ. ಆದರೆ ನಾಮನಿರ್ದೇಶಿತರು ವಸ್ತುವನ್ನು ಪಡೆದುಕೊಳ್ಳುವವರೇ ಹೊರತು ಅದರಿಂದಲೇ ಮಾಲೀಕರಾಗುವುದಿಲ್ಲ, ಹಕ್ಕು ವಾರಸುದಾರರದ್ದು. ಯಜಮಾನರು ಹಠಾತ್ತನೆ ತೀರಿಕೊಂಡಾಗ, ಲಾಕರಿನಲ್ಲಿ ದೊರೆತದ್ದು ಇಷ್ಟೇಯೋ ಇನ್ನೂ ಇತ್ತೋ ಎಂಬ ಒಂದು ಸಂದೇಹ ಒಡಹುಟ್ಟಿದವರ ನಡುವೆ ಮಾತು ಬಿಡಿಸಲು ಸಾಕು. ಸಹಿಯಿರುವ ವಹಿ ಆ ಸಂದೇಹಕ್ಕೆ ಎಡೆಗೊಡುವುದಿಲ್ಲ. ಇದೇ ಕಾರಣಕ್ಕೆ ವಹಿಯನ್ನು ಚಿನ್ನವಿರುವ ಲಾಕರಿನಲ್ಲಿಯೇ ಇಡಬಾರದು. ಮೂಲ ಪ್ರತಿ ಮನೆಯಲ್ಲಿ, ಒಂದು ನಕಲು ನಂಬಿಕಸ್ಥ ಬಂಧುಗಳಲ್ಲಿ ಅಥವಾ ಲೆಕ್ಕ ಪರಿಶೋಧಕರಲ್ಲಿ ಇರಲಿ. ಅದು ಎಲ್ಲಿದೆಯೆಂದು ಮನೆಯ ಇಬ್ಬರಿಗಾದರೂ ತಿಳಿದಿರಲಿ.

ವರ್ಷಕ್ಕೊಮ್ಮೆ

ದಾಸ್ತಾನಿನ ಎಣಿಕೆಯಂತೆ ಪ್ರತಿ ವರ್ಷ ಮಾರ್ಚ್ 31ರ ಸುಮಾರಿಗೆ ವಸ್ತುಗಳನ್ನು ವಹಿಯೊಂದಿಗೆ ತಾಳೆ ನೋಡಿ, ದಿನಾಂಕ ಹಾಕಿ ಇಬ್ಬರು ಸಹಿ ಮಾಡಬೇಕು. ವರ್ಷದ ಖರೀದಿಗಳು ಮಾಲೀಕರ ಬ್ಯಾಂಕ್ ಖಾತೆ ಮತ್ತು ವೈಯಕ್ತಿಕ ಅಢಾವೆ ಪತ್ರಿಕೆಯೊಂದಿಗೆ ಹೊಂದಬೇಕು. ಒಟ್ಟು ಆದಾಯ ನಿಗದಿತ ಮಿತಿ ಮೀರಿದವರು - 2025-26ರ ಕರನಿರ್ಧಾರಣಾ ವರ್ಷಕ್ಕೆ ಈ ಮಿತಿಯನ್ನು 50 ಲಕ್ಷದಿಂದ 1 ಕೋಟಿ ರೂಪಾಯಿಗೆ ಏರಿಸಲಾಯಿತು - ತಮ್ಮ ಆದಾಯ ಪತ್ರದ ಆಸ್ತಿ-ಹೊಣೆಗಳ ಅನುಸೂಚಿಯಲ್ಲಿ ಒಡವೆ ಹಾಗೂ ಗಟ್ಟಿಗಳ ಖರೀದಿ ಬೆಲೆಯನ್ನು ತೋರಿಸಬೇಕಾಗುತ್ತದೆ. ವರ್ಷ ವರ್ಷವೂ ಹೀಗೆ ತೋರಿಸಿದ ಅಂಕಿಯೇ ಮುಂದೆ ಮಾರಾಟದ ಸಮಯದಲ್ಲಿ ಅತ್ಯಂತ ಬಲವಾದ ಸಾಕ್ಷಿ.

ಸದಸ್ಯ ಬಂಧುಗಳು ಇದಕ್ಕೆಂದು ಒಂದು ಭಾನುವಾರದ ಅರ್ಧ ದಿನ ಮೀಸಲಿಟ್ಟರೆ ಮೊದಲ ಪಟ್ಟಿ ಸಿದ್ಧವಾಗುತ್ತದೆ. ಅನಂತರ ಪ್ರತಿ ಖರೀದಿಗೆ ಬೇಕಾದದ್ದು ಐದು ನಿಮಿಷ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರ ನೆನಪಿನಲ್ಲಿರುವ ವಿವರಗಳಿಂದಲೇ ಆ ಪಟ್ಟಿಯನ್ನು ಆರಂಭಿಸುವುದು ಸೂಕ್ತ.